ಬಿಸ್ಕತ್ತು ಡಬ್ಬಿಯಲ್ಲಿದ್ದ ನಲವತ್ತು ಮೊಹರು

ಸೆಮ್‌ಗೋಲ್ ಊರಿನಲ್ಲಿ ಸಹಿಯ ಬದಲು ಒತ್ತುವ ಮೊಹರು ಯಾರದೂ ಅವರವರ ಮನೆಯಲ್ಲಿ ಇರಲಿಲ್ಲ. ಎಲ್ಲವೂ ಊರ ಸಭಾಮನೆಯಲ್ಲಿ, ಮೈಕು ಇಟ್ಟಿದ್ದ ಮೇಜಿನ ಖಾನೆಯೊಳಗೆ, ಒಂದು ತಗಡಿನ ಬಿಸ್ಕತ್ತು ಡಬ್ಬಿಯಲ್ಲಿ ಇದ್ದವು. ಬೆರಳುದ್ದದ ಮರದ ತುಂಡುಗಳು. ಒಂದೊಂದರ ತುದಿಯಲ್ಲೂ ಒಬ್ಬೊಬ್ಬರ ಹೆಸರು ಕೊರೆದಿತ್ತು. ಗೊಬ್ಬರಕ್ಕೆ ಅರ್ಜಿ ಹಾಕಬೇಕೆ, ಬಿತ್ತನೆ ಆಲೂಗಡ್ಡೆಗೆ ಹೆಸರು ಬರೆಸಬೇಕೆ, ಊರ ಯಜಮಾನ ಚ್ವೆ ದಾಲ್ಸು ಡಬ್ಬಿ ತೆಗೆಯುತ್ತಿದ್ದ. ಕೆಂಪು ಶಾಯಿಗೆ ಅದ್ದಿ ಎಲ್ಲರ ಪರವಾಗಿ ಟಪಟಪ ಒತ್ತುತ್ತಿದ್ದ. ತನ್ನ ಟ್ರಕ್ಕಿನಲ್ಲೇ ಹೋಬಳಿ ಕಚೇರಿಗೆ ಕೊಟ್ಟು ಬರುತ್ತಿದ್ದ. ಬಸ್ಸು ದಿನಕ್ಕೆ ಎರಡೇ ಸಲ. ಊರಲ್ಲಿ ಮಂಡಿ ನೋಯದವರು ನಾಲ್ಕೇ ಜನ. ಇಂಥ ಅನುಕೂಲ ಯಾರಿಗೆ ಬೇಡ?

ಪಿಲ್ನಾಮಜ್ಜಿಯ ಮೊಹರೂ ಅಲ್ಲೇ ಇತ್ತು. ಗಂಡ ಬದುಕಿದ್ದಷ್ಟು ದಿನ ಅವಳಿಗೆ ಮೊಹರೇ ಇರಲಿಲ್ಲ, ಮನೆಗೆಲ್ಲ ಅವನದೊಂದೇ ಸಾಕಾಗಿತ್ತು. ಅವನ ಸಾವನ್ನು ಬರೆಸಲು ಹೋದಾಗ ಕಚೇರಿಯವರು ನಿಮ್ಮದೆಲ್ಲಿ ಎಂದು ಕೇಳಿದರು. ಅರವತ್ತಮೂರನೆಯ ವಯಸ್ಸಿನಲ್ಲಿ ಅವಳು ತನ್ನ ಹೆಸರನ್ನು ಮೊದಲ ಸಲ ಕೊರೆಸಿಕೊಂಡಳು. ಮೂರನೆಯದೂ ಹೆಣ್ಣಾಯಿತು, ಮುಂದಿನದಾದರೂ ಗಂಡಾಗಲಿ ಎಂದು ಅಪ್ಪ ಇಟ್ಟ ಹೆಸರು ಅದು. ಕಚೇರಿಯ ಮೆಟ್ಟಿಲ ಮೇಲೆ ಮೊಹರು ಕೈಜಾರಿ ಬಿದ್ದು, ಅಂಚು ಅಕ್ಕಿಕಾಳಿನಷ್ಟು ಮುಕ್ಕಾಯಿತು. ಊರಿಗೆ ಬಂದವಳೇ ಅದನ್ನು ದಾಲ್ಸುವಿನ ಕೈಗೆ ಕೊಟ್ಟಳು. ಅದಾಗಿ ಹನ್ನೊಂದು ವರ್ಷ.

ಊರ ಮೇಲಿನ ಕಣಿವೆಯಲ್ಲಿ ಒಂದು ಒರತೆ ಇದೆ. ಅದರ ನೀರು ಮೊದಲು ಪಿಲ್ನಾಮಜ್ಜಿಯ ಗದ್ದೆಗೆ ಇಳಿಯುತ್ತದೆ. ಗದ್ದೆಯಲ್ಲಿ ಬೆಳೆಯುವುದು ಮಿನಾರಿ ಸೊಪ್ಪು. ಅದು ವರ್ಷವಿಡೀ ನೀರಲ್ಲಿ ಕಾಲಿಟ್ಟೇ ಇರುವ ಸೊಪ್ಪು. ಪಟ್ಟಣದವರು ಅದನ್ನು ತೊಳೆದು ಹಸಿಯಾಗಿಯೇ ತಿನ್ನುತ್ತಾರೆ. ಅವಳ ಬದುಕೆಲ್ಲ ಆ ನೀರಿನ ಮೇಲೆ ನಿಂತಿತ್ತು.

ಆ ಮಂಗಳವಾರ ಅವಳು ಎದೆಮಟ್ಟದ ರಬ್ಬರ್ ಉಡುಪು ಹಾಕಿಕೊಂಡು ಸೊಪ್ಪು ಕೊಯ್ಯುತ್ತಿದ್ದಾಗ ಬದುವಿನ ಮೇಲೆ ಹಿಯೆನ್ ಬಂದು ನಿಂತಳು. ಹಿಯೆನ್ ಪಕ್ಕದ ಮನೆಯ ಸೊಸೆ, ವಿಯೆಟ್ನಾಮಿನಿಂದ ಮದುವೆಯಾಗಿ ಬಂದವಳು. ಈ ದೇಶದ ಪೌರತ್ವಕ್ಕಾಗಿ ಕಾನೂನಿನ ಪುಸ್ತಕ ಓದಿ ಪರೀಕ್ಷೆ ಬರೆದಿದ್ದಳು. ಊರಲ್ಲಿ ಹುಟ್ಟಿದವರಲ್ಲಿ ಆ ಪುಸ್ತಕ ಓದಿದವರು ಒಬ್ಬರೂ ಇರಲಿಲ್ಲ. ಇಲ್ಲೇ ಹುಟ್ಟಿದವರನ್ನು ಯಾರೂ ಪರೀಕ್ಷೆ ಮಾಡುವುದಿಲ್ಲವಲ್ಲ.

"ಅಜ್ಜಿ, ಮೇಲಿನ ಕಣಿವೇಲಿ ಹಂದಿ ಕೊಟ್ಟಿಗೆ ಬರೋದು ನಿಮಗೆ ಗೊತ್ತಾ?"

"ಯಾರ ಹಂದಿ?"

"ಪಟ್ಟಣದ ಕಂಪನಿದು. ಮೂರು ಸಾವಿರ ಹಂದಿ. ಮಗುವಿನ ಶಾಲೆ ಕಾಗದಕ್ಕೆ ಹೋಬಳಿ ಕಚೇರಿಗೆ ಹೋಗಿದ್ದೆ. ಅಲ್ಲಿ ಬೋರ್ಡಿಗೆ ನೋಟೀಸು ಹಚ್ಚಿದಾರೆ. ತಕರಾರಿದ್ರೆ ಶುಕ್ರವಾರದೊಳಗೆ ಕೊಡಿ ಅಂತಿದೆ."

ಪಿಲ್ನಾಮಜ್ಜಿ ಕುಡುಗೋಲು ನಿಲ್ಲಿಸಲಿಲ್ಲ. "ಊರವರನ್ನ ಕೇಳ್ದೆ ಹಂಗೆಲ್ಲ ಬಿಡ್ತಾರೇನು. ಯಾವುದೋ ಬೇರೆ ಊರಿರಬೇಕು."

"ಊರವರು ಒಪ್ಪಿದಾರಂತೆ. ಒಪ್ಪಿಗೆ ಪತ್ರ ತೋರಿಸಿ ಅಂದೆ, ಪ್ರತಿ ಕೊಟ್ರು. ನಲವತ್ತು ಮೊಹರಿದೆ. ನಿಮ್ದೂ ಇದೆ."

ಈಗ ಕುಡುಗೋಲು ನಿಂತಿತು.

"ನಾನು ಎಲ್ಲೂ ಒತ್ತಿಲ್ಲ."

"ನೀವು ಒತ್ತಿಲ್ಲ. ನಿಮ್ಮ ಮೊಹರು ಒತ್ತಿದೆ."

"ನಿಂದು?"

"ನಂದು ನಮ್ಮನೆ ಅಕ್ಕಿ ಡ್ರಮ್ಮಲ್ಲಿದೆ. ಕೊರೆಸಿದ ದಿನವೇ ಕಚೇರೀಲಿ ಬರೆಸಿದೆ, ಯಾರ ಕೈಗೂ ಕೊಡ್ಲಿಲ್ಲ. ನಮ್ಮನೆಯೋರು ಡಬ್ಬಿಗೆ ಹಾಕು ಅಂತ ಒಂದು ತಿಂಗಳು ಮುನಿಸಿಕೊಂಡಿದ್ರು. ಅವರದ್ದು ಈ ಪತ್ರದಲ್ಲಿದೆ, ನೋಡಿ." ಅವಳು ಮತ್ತೆ ಹೇಳಿದಳು, "ಒಂದು ಲೆಕ್ಕ ನನಗೆ ತಿಳೀಲಿಲ್ಲ ಅಜ್ಜಿ. ಊರಲ್ಲಿ ದೊಡ್ಡೋರು ನನ್ನೂ ಸೇರಿಸಿ ಮೂವತ್ತೇಳು ಜನ. ಮೊಹರು ಹೆಂಗೆ ನಲವತ್ತಾಯ್ತು?"

ಪಿಲ್ನಾಮಜ್ಜಿಗೆ ಸಿಟ್ಟು ಬಂತು. ಸಿಟ್ಟು ಹಂದಿಯ ಮೇಲಲ್ಲ, ಹಿಯೆನ್ ಮೇಲೆ. "ದಾಲ್ಸು ಅಂಥೋನಲ್ಲ. ನಮ್ಮನೆಯೋರು ಬಿದ್ದ ದಿನ ರಸ್ತೆವರೆಗೂ ಬೆನ್ನ ಮೇಲೆ ಹೊತ್ಕೊಂಡು ಹೋದೋನು ಅವನು. ಹೊರಗಿಂದ ಬಂದೋಳು ನೀನು, ಊರು ಒಡೀಬೇಡ."

ಹಿಯೆನ್ ಪ್ರತಿಯನ್ನು ಮಡಿಸಿ ಸೊಪ್ಪಿನ ಬುಟ್ಟಿಯಲ್ಲಿಟ್ಟಳು.

"ನೀವು ಗುಡ್ಡದಾಚೆಯಿಂದ ಬಂದ್ರಿ. ಹಾದೊಂಗ್ ಅಜ್ಜಿ ಬಂದು ಅರವತ್ತು ವರ್ಷ ಆಯ್ತು, ಇನ್ನೂ ಎಲ್ರೂ ತವರೂರಿನ ಹೆಸರಲ್ಲೇ ಕರೀತೀರಿ. ಈ ಊರಲ್ಲಿ ಹೊರಗಿಂದ ಬರ್ದೇ ಇದ್ದ ಸೊಸೆ ಯಾರಿದಾರೆ ಹೇಳಿ. ಓದಿ ನೋಡಿ ಅಜ್ಜಿ. ಓದೋಕೆ ಬರತ್ತಲ್ಲ."

ಓದಲು ಬರುತ್ತಿತ್ತು. ಮುದುಕಿಯರ ಅಕ್ಷರ ತರಗತಿಯಲ್ಲಿ ಎರಡು ಚಳಿಗಾಲ ಕೂತು ಕಲಿತದ್ದು. ಆದರೆ ಆ ದಿನ ಅವಳು ಓದಲಿಲ್ಲ. ದಾಲ್ಸುವನ್ನೇ ಕೇಳಿದರಾಯಿತು ಎಂದುಕೊಂಡಳು.

ಬುಧವಾರ ಮಧ್ಯಾಹ್ನ ಸಭಾಮನೆಯಲ್ಲಿ ಎಂದಿನಂತೆ ಊರವರೆಲ್ಲ ಸೇರಿ ಉಂಡರು. ಮೂಲೆಯಲ್ಲಿ ಹೊಸ ಮಸಾಜ್ ಕುರ್ಚಿಯೊಂದು ಗುರ್‌ಗುಟ್ಟುತ್ತಿತ್ತು. ಹೋದ ವಾರ ಬಂದದ್ದು. ಯಾರು ಕಳಿಸಿದರೆಂದು ಯಾರೂ ಕೇಳಿರಲಿಲ್ಲ. ಅದರಲ್ಲಿ ಹಾದೊಂಗ್ ಅಜ್ಜಿ ಕಣ್ಣು ಮುಚ್ಚಿ ಅಲುಗಾಡುತ್ತ ಮಲಗಿದ್ದಳು.

ದಾಲ್ಸು ಸಾರು ಕುಡಿದು ಬಾಯಿ ಒರೆಸಿಕೊಂಡ ಮೇಲೆ ಪಿಲ್ನಾಮಜ್ಜಿ ಮೆಲ್ಲಗೆ ಕೇಳಿದಳು. "ಹಂದಿ ಕೊಟ್ಟಿಗೆ ಅಂತಾರಲ್ಲ, ನಿಜವೇನಪ್ಪ?"

"ಅದಾ ಅತ್ತಿಗೆ. ಈಗಿನ ಕೊಟ್ಟಿಗೆ ಅಂದ್ರೆ ಆಸ್ಪತ್ರೆ ಇದ್ದ ಹಾಗೆ. ವಾಸನೇನೇ ಇರಲ್ಲ. ಸಭಾಮನೆಗೆ ಹೊಸ ಮಾಡು ಹಾಕಿಸಿ ಕೊಡ್ತಾರೆ. ಕುರ್ಚಿ ನೋಡಿದ್ರಲ್ಲ."

"ಗುಡ್ಡದ ಆಚೆ ಊರಲ್ಲಿ ಅದು ಬಂದ ಮೇಲೆ ಬಟ್ಟೆ ಹೊರಗೆ ಒಣಹಾಕಲ್ವಂತೆ."

"ಅದು ಹಳೇ ನಮೂನೆ."

"ನನ್ನ ಮೊಹರು ಒಂದ್ಸಲ ಕೊಡ್ತೀಯಾ?"

ದಾಲ್ಸುವಿನ ಮುಖ ಬದಲಾಯಿತು. ಅವನಿಗೆ ನಿಜವಾಗಿಯೂ ನೋವಾಗಿತ್ತು. "ಹದಿನಾಲ್ಕು ವರ್ಷ ನಿಮ್ಮೆಲ್ಲರ ಕಾಗದ ಹೊತ್ತಿದೀನಿ. ಒಂದು ಲೋಟ ಬಾರ್ಲಿ ನೀರು ಕೇಳಿಲ್ಲ. ಈಗ ನನ್ನ ಮೇಲೆ ನಂಬಿಕೆ ಹೋಯ್ತಾ ಅತ್ತಿಗೆ?"

ಕೈಗಳೆಲ್ಲ ಬಟ್ಟಲಿನ ಮೇಲೆ ನಿಂತವು. ಎಲ್ಲರೂ ಅವಳನ್ನು ನೋಡಿದರು.

ಇಂಥ ಊರುಗಳಲ್ಲಿ ಮೊಹರು ಕೊಡುವುದು ಸುಲಭ. ವಾಪಸು ಕೇಳುವುದೆಂದರೆ ಎದುರಿಗಿರುವವನನ್ನು ಕಳ್ಳ ಎಂದಂತೆ. ಊರುಗಳನ್ನು ತಮ್ಮ ಹೆಸರಿಗೆ ಬರೆಸಿಕೊಂಡವರೆಲ್ಲ ಈ ಸಂಕೋಚವನ್ನೇ ನಂಬಿ ಬರೆಸಿಕೊಂಡಿದ್ದಾರೆ.

"ಇರಲಿ ಬಿಡು," ಎಂದು ಪಿಲ್ನಾಮಜ್ಜಿ ಎದ್ದು ಮನೆಗೆ ಬಂದಳು.

ಸಂಜೆ ಬೆಳಕಿರುವಾಗಲೇ ಬುಟ್ಟಿಯಲ್ಲಿದ್ದ ಪತ್ರ ತೆಗೆದು, ಬೆರಳಿಟ್ಟು ಓದಲು ಕೂತಳು. ನಿಧಾನವಾಗಿ ಓದಿದಳು. ಸೆಮ್‌ಗೋಲ್ ನಿವಾಸಿಗಳಾದ ನಾವು ಯೋಜನೆಯ ವಿವರವನ್ನು ಪೂರ್ತಿ ಕೇಳಿ ತಿಳಿದು ಸಂತೋಷದಿಂದ ಒಪ್ಪಿದ್ದೇವೆ ಎಂದಿತ್ತು. ಸಂತೋಷದಿಂದ ಎನ್ನುವ ಪದವನ್ನು ಅವಳು ಎರಡು ಸಲ ಓದಬೇಕಾಯಿತು. ಕೆಳಗೆ ಮೊಹರುಗಳ ಸಾಲು. ಅಂಚು ಮುಕ್ಕಾದದ್ದು ಅವಳದೇ. ಒತ್ತಿದವನಿಗೆ ಅವಸರವಿತ್ತೆಂದು ಕಾಣುತ್ತದೆ, ಅವಳ ಹೆಸರು ತಲೆಕೆಳಗಾಗಿ ನಿಂತಿತ್ತು.

ಅದರ ಮೇಲಿನ ಮೊಹರಿಗೆ ಬೆರಳು ಹೋಯಿತು. ಅಲ್ಲಿಂದ ಬಹಳ ಹೊತ್ತು ಕದಲಲಿಲ್ಲ. ಅದು ಅವಳ ಗಂಡನ ಹೆಸರು. ನೆಟ್ಟಗೆ, ಅಚ್ಚುಕಟ್ಟಾಗಿ ನಿಂತಿತ್ತು. ಸತ್ತು ಹನ್ನೊಂದು ವರ್ಷವಾದ ಮೇಲೆ ಅವನು ಮೂರು ಸಾವಿರ ಹಂದಿಗಳಿಗೆ ಸಂತೋಷದಿಂದ ಒಪ್ಪಿದ್ದ. ಬದುಕಿದ್ದಾಗ ಯಾವುದಕ್ಕೂ ಅಷ್ಟು ಬೇಗ ಒಪ್ಪಿದವನಲ್ಲ.

ಅವಳು ಇನ್ನೂ ಓದಿದಳು. ಹೋದ ಚಳಿಗಾಲ ಮಣ್ಣು ಮಾಡಿದ ಊರಂಚಿನ ಮನೆಯ ಮುದುಕ ಒಪ್ಪಿದ್ದ. ಅವನಿಗಿಂತ ಮೊದಲು ಹೋದ ಅವನ ಹೆಂಡತಿ ಒಪ್ಪಿದ್ದಳು. ಗಿರಣಿಯವನೂ ಒಪ್ಪಿದ್ದ. ಗುಡ್ಡದ ಮೇಲಿನ ನಾಲ್ಕು ಗೋರಿಗಳು ಒಪ್ಪಿದ್ದವು. ಹಿಯೆನ್‌ಗೆ ತಿಳಿಯದ ಲೆಕ್ಕ ಅಲ್ಲಿತ್ತು.

ಗುರುವಾರ ಬೆಳಿಗ್ಗೆ ಆರಕ್ಕೆ, ದಿನವೂ ಕೂಗುವ ಹೊತ್ತಿಗೆ, ಸಭಾಮನೆಯ ಮೈಕು ಕೂಗಿತು. "ಆ, ಆ. ಊರ ಜನರೇ, ನಿಮ್ಮ ಯಜಮಾನ ಮಾತಾಡ್ತಿದೀನಿ. ಆಲೂಗಡ್ಡೆ ಬೀಜ ಬಂದಿದೆ. ಇನ್ನೊಂದು ವಿಷಯ. ಕೆಲವರು ಊರಲ್ಲಿ ಇಲ್ಲದ ಸುದ್ದಿ ಹಬ್ಬಿಸ್ತಿದಾರೆ..."

ಬಾಗಿಲು ತೆರೆಯಿತು. ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಪಿಲ್ನಾಮಜ್ಜಿ ಅದನ್ನು ನೋಡಿದಳು. ಅವಳ ಕಡೆ ತಿರುಗಿದ ದಾಲ್ಸು ಅದನ್ನು ನೋಡಲಿಲ್ಲ.

"ಯಜಮಾನ್ರೇ, ಮೊಹರು ಒತ್ತೋ ಮುಂಚೆ ಊರವರನ್ನ ಕೇಳಿದ್ರಾ?"

"ಕೇಳ್ದೆ ಏನು ಅತ್ತಿಗೆ. ಇದೇ ಮೈಕಲ್ಲಿ ಹೇಳ್ದೆ. ಅಭಿವೃದ್ಧಿ ಕಾಗದ ಬಂದಿದೆ, ಬೇಡ ಅನ್ನೋರು ಬಂದು ಹೇಳಿ ಅಂತ. ಒಬ್ರೂ ಬರಲಿಲ್ಲ."

"ಹಂದಿ ಅಂತ ಹೇಳಿದ್ರಾ?"

"ಅಭಿವೃದ್ಧಿ ಅಂದ್ರೆ ಅದರಲ್ಲಿ ಎಲ್ಲ ಬಂತಲ್ಲ."

"ನಿಮ್ಮಣ್ಣನನ್ನ ಎಲ್ಲಿ ಕೇಳಿದ್ರಿ? ಗೋರಿ ಹತ್ರ ಹೋಗಿದ್ರಾ?"

"ಯಾವ ಅಣ್ಣ?"

ಅವಳು ಪತ್ರವನ್ನು ಮೇಜಿನ ಮೇಲೆ ಹರಡಿ ಗಂಡನ ಹೆಸರಿನ ಮೇಲೆ ಬೆರಳಿಟ್ಟಳು. ದಾಲ್ಸು ಬಗ್ಗಿ ನೋಡಿದ. ಡಬ್ಬಿಯಲ್ಲಿ ಏನಿದೆಯೆಂದು ಅವನೂ ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಕೈಗೆ ಬಂದದ್ದನ್ನೆಲ್ಲ ಒತ್ತಿದ್ದ.

"ಬೆನ್ನ ಮೇಲೆ ಹೊತ್ಕೊಂಡು ಹೋದೋನು ನೀನೇ," ಎಂದಳು ಪಿಲ್ನಾಮಜ್ಜಿ. ಅವಳ ದನಿ ಏರಲಿಲ್ಲ. "ಉಳೀಲಿಲ್ಲ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ಕಳ್ಳ ಅಂತ ನಾನು ಹೇಳ್ತಿಲ್ಲ. ನನ್ನದು ನನಗೆ ಕೊಡು ಅಂತಿದೀನಿ. ನಮ್ಮನೆಯೋರದ್ದೂ ಕೊಡು."

ಖಾನೆ ಎಳೆದ ಸದ್ದು, ಡಬ್ಬಿಯ ಮುಚ್ಚಳ ತೆಗೆದ ಸದ್ದು, ಮರದ ತುಂಡುಗಳು ಒಂದಕ್ಕೊಂದು ತಾಗಿದ ಸದ್ದು ಊರೆಲ್ಲ ಕೇಳಿತು. ಗದ್ದೆಯಲ್ಲಿದ್ದವರು ಗದ್ದೆಯಲ್ಲೇ ನಿಂತು ಕೇಳಿದರು.

ಮೊದಲು ಬಂದವಳು ಹಾದೊಂಗ್ ಅಜ್ಜಿ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಮೊಮ್ಮಗಳದು. "ನಂದೂ ಕೊಡಪ್ಪ. ಕುರ್ಚಿ ಮಾತ್ರ ಇರಲಿ, ಅದು ಬೇರೆ ವಿಷಯ."

"ಅದು ಬೇರೆ ವಿಷಯ ಅಲ್ಲ ಕಣೇ," ಎಂದಳು ಪಿಲ್ನಾಮಜ್ಜಿ.

ಆಮೇಲೆ ಹಿಯೆನ್ ಗಂಡ ಬಂದ, ಹೆಂಡತಿಯ ಮುಖ ನೋಡದೆ. ಆಮೇಲೆ ಉಳಿದವರು. ಯಾರೂ ಬೈಯಲಿಲ್ಲ. ಬೈಯಲು ಅವರಿಗೂ ಮುಖವಿರಲಿಲ್ಲ, ಡಬ್ಬಿಗೆ ಹಾಕಿದವರು ಅವರೇ. ಸವೆದು ಹೋದ ಮೊಹರುಗಳನ್ನು ಬೆಳಕಿಗೆ ಹಿಡಿದು, ಇದು ನಿಂದು, ಅದು ನಂದು ಎಂದು ಹಂಚಿಕೊಂಡರು. ಸತ್ತವರವನ್ನು ಅವರವರ ಮನೆಯವರು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಡಬ್ಬಿಯಲ್ಲಿ ಉಳಿದದ್ದು ಒಂದೇ, ದಾಲ್ಸುವಿನದು.

ಶುಕ್ರವಾರ ಬೆಳಗಿನ ಬಸ್ಸಿನಲ್ಲಿ ಹತ್ತೊಂಬತ್ತು ಜನ ನೋಯುವ ಮಂಡಿಗಳೊಡನೆ ಹೋಬಳಿ ಕಚೇರಿಗೆ ಹೋದರು. ತಕರಾರು ಅರ್ಜಿ ಬರೆದವಳು ಹಿಯೆನ್. ಪಿಲ್ನಾಮಜ್ಜಿ ಅದನ್ನು ಪೂರ್ತಿ ಓದಿದ ಮೇಲೆಯೇ ಮೊಹರು ಒತ್ತಿದಳು. ಹಿಂದೆ ಸಾಲಿನಲ್ಲಿದ್ದವರು ಬೇಗ ಬೇಗ ಎಂದರು. ಅವಳು ಬೇಗ ಮಾಡಲಿಲ್ಲ. ಅವಳ ಹೆಸರು ನೆಟ್ಟಗೆ ನಿಂತಿತು, ಅಂಚು ಮುಕ್ಕಾಗಿಯೇ.

ಸತ್ತವರ ಮೊಹರಿದ್ದ ಒಪ್ಪಿಗೆ ಪತ್ರವನ್ನು ಕಚೇರಿ ತಳ್ಳಿಹಾಕಿ, ಊರಲ್ಲೇ ಸಭೆ ಕರೆದು ಕೇಳಬೇಕೆಂದು ಬರೆಯಿತು. ಸಭೆಯಲ್ಲಿ ಹಿಯೆನ್ ಯೋಜನೆಯ ಹಾಳೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು. ಮನೆಗೊಬ್ಬರು ಎನ್ನದೆ ಪ್ರತಿಯೊಬ್ಬರನ್ನೂ ಕೇಳಿದರು. ಮೂವತ್ತು ಜನ ಬೇಡವೆಂದರು, ಆರು ಜನ ಬೇಕೆಂದರು, ದಾಲ್ಸು ಕೈ ಎತ್ತಲಿಲ್ಲ. ಮಸಾಜ್ ಕುರ್ಚಿ ವಾಪಸು ಹೋಯಿತು. ಹಾದೊಂಗ್ ಅಜ್ಜಿ ಒಂದು ವಾರ ಯಾರೊಡನೆಯೂ ಮಾತಾಡಲಿಲ್ಲ.

ದಾಲ್ಸು ಈಗಲೂ ಯಜಮಾನ. ಈಗಲೂ ಅವನ ಟ್ರಕ್ಕೇ ಕಾಗದ ಒಯ್ಯುತ್ತದೆ. ಆದರೆ ಅವನು ಮನೆಮನೆಗೆ ಬಂದು ಜಗುಲಿಯಲ್ಲಿ ಕೂತು ಇದು ಏನು ಎಂದು ಓದಿ ಹೇಳಬೇಕು. ಮನೆಯವರು ತಾವೇ ಒತ್ತಬೇಕು. ಎರಡು ದಿನ ಹೆಚ್ಚು ಹಿಡಿಯುತ್ತದೆ ಎಂದು ಗೊಣಗುತ್ತಾನೆ. ಹಿಡಿಯಲಿ.

ಕಂಪನಿ ಈಗ ಇನ್ನೊಂದು ಕಣಿವೆಯನ್ನು ನೋಡುತ್ತಿದೆ. ಆ ಊರಿನಲ್ಲೂ ಒಂದು ಡಬ್ಬಿ ಇದೆಯಂತೆ.

ಓದುವವರೇ, ಕೇಳುವವರೇ, ನಿಮ್ಮ ಊರಿನ ಡಬ್ಬಿ ಯಾರ ಮೇಜಿನಲ್ಲಿದೆ? ಮೊಹರಾಗಲಿ, ಹೆಬ್ಬೆಟ್ಟು ಒತ್ತಿದ ಖಾಲಿ ಹಾಳೆಯಾಗಲಿ, ಅದನ್ನು ಇಟ್ಟುಕೊಂಡವರು ಒಳ್ಳೆಯವರೇ ಇರಬಹುದು. ದಾಲ್ಸುವೂ ಒಳ್ಳೆಯವನೇ. ಒಳ್ಳೆಯವರೆಂದು ಕೇಳದೆ ಇರಬೇಡಿ, ನಾಚಿಕೆಯೆಂದು ಸುಮ್ಮನಿರಬೇಡಿ. ನಾಳೆ ಬೆಳಿಗ್ಗೆಯೇ ಹೋಗಿ ನಿಮ್ಮದನ್ನು ತನ್ನಿ. ಕಾಗದ ಬಂದರೆ ಓದಿ, ಓದಲು ಬಾರದಿದ್ದರೆ ಇಬ್ಬರಿಂದ ಓದಿಸಿ ಕೇಳಿ. ಊರ ಸಭೆಗೆ ನೀವೇ ಹೋಗಿ, ಗಂಡನೊಬ್ಬ ಹೋದರೆ ಸಾಕೆನ್ನಬೇಡಿ. ತಂದ ಮೇಲೆ ಎಲ್ಲಿಡುವುದು ಎಂದು ಕೇಳುತ್ತೀರಾ? ಅಕ್ಕಿ ಡ್ರಮ್ಮಿನಲ್ಲಿ ಇಡಿ. ದಿನವೂ ಕೈ ಹಾಕುವ ಜಾಗ, ಮರೆತುಹೋಗುವುದಿಲ್ಲ.