ಯಾರು ಬರೋತನಕ?

ನಿಂತಿತು, ಮತ್ತೆ ಅಲ್ಲೇ ನಿಂತಿತು ರೊಟ್ಟಿ ಬಡಿಯುವ ಅವ್ವನ ಕೈ, ತಪ ತಪ ಅನ್ನುತ್ತಿದ್ದದ್ದು ಗಾಳಿಯಲ್ಲೇ ತಡೆದು, ಅಂಗೈಗೆ ಜೋಳದ ಹಿಟ್ಟು ಮೆತ್ತಿಕೊಂಡು, ತುಟಿ ಮಾತ್ರ ಅಲುಗಿ — ಪಡಸಾಲೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದ ಉಮಾ ಮಷಿನಿನಿಂದ ಕಾಲೆತ್ತಿ ಕಿವಿಗೊಡುತ್ತಾಳೆ, ಹೊಳಿ ತುಂಬಿ ಬಂದೈತಿ ದಂಡಿ ಕಾಣವಲ್ದು, ಆಮೇಲೆ ಅವ್ವ ಏನನ್ನೋ ನುಂಗುತ್ತಾಳೆ, ಬರೋತನಕ ಹಂಚಿನ ರೊಟ್ಟಿ ಬೇಯವಲ್ದು. ಯಾರು ಬರೋತನಕ? ನುಂಗಿದ್ದು ಒಂದು ಹೆಸರು, ಅಷ್ಟೂ ತಿಳಿಯದ ಕೂಸಲ್ಲ ಉಮಾ, ಇದು ಒಡಪು, ಗಂಡನ ಹೆಸರನ್ನು ಬರಿದೇ ಹೇಳಬಾರದೆಂದು ಹೆಂಗಸರು ಪ್ರಾಸದೊಳಗೆ ಅಡಗಿಸಿ ಹೇಳುವ ಪದ, ಮದುವೆಯಲ್ಲಿ ಬಾಗಿಲು ತಡೆದು ಕೇಳುತ್ತಾರೆ, ಬಸುರಿಗೆ ಸೀರೆ-ಕುಪ್ಪಸ ಉಡಿಸುವ ಕುಬಸದಲ್ಲಿ ಕೇಳುತ್ತಾರೆ, ಗಂಡ ಸತ್ತವಳನ್ನು ಯಾರು ಕೇಳುತ್ತಾರೆ, ಹೆಸರ ಹೇಳವ್ವ ಅಂತ? ಮೇಲಾಗಿ ಬರೋತನಕ ಅಂದರೆ ಬರುವವನೊಬ್ಬ ಇದ್ದಾನೆ ಎಂದಾಯಿತು, ತಿಂಥಣಿ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ ಅಪ್ಪ ಮಣ್ಣಾಗಿ ಎಷ್ಟು ಮಳೆಗಾಲ ಕಳೆದವು, ಅವನೆಲ್ಲಿಂದ ಬರಬೇಕು. ಎಲ್ಲಾ ಆ ರವಿವಾರದ ಕವಿಕೂಟದ ಕರಾಮತ್ತು, ಶಹಾಪುರದಲ್ಲಿ ಮಾಡಲು ಬೇರೆ ಕೆಲಸವಿಲ್ಲದವರು ಬೇವಿನ ಕಟ್ಟೆಯ ಮೇಲೆ ಕೂತು ಒಬ್ಬರಿಗೊಬ್ಬರು ವಾಹ್ ವಾಹ್ ಅನ್ನುವುದು, ಅದಕ್ಕೊಬ್ಬ ಯಜಮಾನ, ರಿಟೈರಾದ ಕಂಡಕ್ಟರ್ ರಾಮಲಿಂಗ, ಇಸ್ತ್ರಿ ಅಂಗಿ ಹಾಕಿಕೊಂಡು ಮನೆತನಕ ಬಂದಿದ್ದನಲ್ಲ, ಬರ್ರಿ ಅಕ್ಕಾರ, ನಿಮ್ಮ ಪದ ಇಲ್ಲಂದ್ರ ಕೂಟ ಸಪ್ಪಗ ಅಕ್ಕೈತ್ರಿ. ಸಪ್ಪಗಂತೆ, ಉಪ್ಪು ಹಾಕಿಕೊಳ್ಳಲಿ! ಅವನ ಹೆಂಡತಿ ತೀರಿಕೊಂಡಿದ್ದಾಳೆಂದು ಪಕ್ಕದ ಮನೆಯ ಮಾಳಮ್ಮ ಕೇಳದೆಯೇ ಹೇಳಿದ್ದಳು, ನಿಮ್ಮವ್ವ ಈಗ ಭಾಳ ಗೆಲುವಾಗ್ಯಾಳ ಬಿಡವಾ, ಅನ್ನುತ್ತ ಹಲ್ಲು ಕಿರಿದಿದ್ದಳು. ಗೆಲುವಾದದ್ದೇ ಉಮಾಳಿಗೆ ನುಂಗಲಾರದ ತುತ್ತು, ಅಪ್ಪ ಹೋದಾಗ ಗೋಡೆ ಕಡೆ ಮುಖ ಮಾಡಿ ಮಲಗಿದವಳನ್ನು ತಿಂಥಣಿಯಿಂದ ಇಲ್ಲಿಗೆ ಕರೆತಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವಳು ತಾನು, ಅವ್ವನ ಮುಂದ ಅಪ್ಪನ ಹೆಸರ ಎತ್ತಬ್ಯಾಡ್ರಿ, ಊಟ ಬಿಡ್ತಾಳ, ಎಂದು ಮಂದಿಗೆಲ್ಲ ತಾಕೀತು ಮಾಡಿದವಳು ತಾನು, ಅವ್ವನೇ ಒಮ್ಮೆ ಬಾಯಿ ತೆಗೆದಾಗಲೂ ಸಾಕ್ ಬಿಡವ್ವ ಅಂದವಳು ತಾನು, ಈಗ ಅದೇ ಅವ್ವ ಎರಡು ಸಾಲಿನ ಪದಕ್ಕೆ ಎದ್ದು ಕೂತು, ತಲೆ ಬಾಚಿ, ಟ್ರಂಕಿನ ತಳದ ಇಳಕಲ್ ಸೀರೆ ತೆಗೆದಳೆಂದರೆ, ಬೆಂಕಿ ಇಲ್ಲದೆ ಹೊಗೆ ಏಳುತ್ತದೆಯೇ. ಉಮಾ, ನಾ ಬರ್ತೀನಿ ಹಂಗಾರ. ಹೋಗಿ ಬಾ, ಎನ್ನುತ್ತಾಳೆ ಉಮಾ, ಸೂಜಿಗೆ ದಾರ ಪೋಣಿಸುವವಳಂತೆ ತಲೆ ತಗ್ಗಿಸಿ, ಅವ್ವ ಓಣಿ ತಿರುಗಿದ್ದೇ ತಡ ಚಪ್ಪಲಿ ಮೆಟ್ಟುತ್ತಾಳೆ.

ಕಟ್ಟೆಯ ಹಿಂದೆ, ಬೇವಿನ ಮರೆಗೆ, ನಾಚಿಕೆಯಾಗುತ್ತದೆ, ಆದರೂ ನಿಂತಿದ್ದಾಳೆ, ಸುರಪುರದಿಂದ ಬಂದ ಒಬ್ಬ ಮೇಷ್ಟರು ಬಸ್ಸಿನ ಕುರಿತು ಪದ್ಯ ಓದುತ್ತಾರೆ, ವಡಗೇರಾದ ಬಳೆಗಾರ್ತಿ ಬೀಸುಕಲ್ಲಿನ ಹಾಡು ಹೇಳಿ ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತಾಳೆ, ಯಾರೂ ನಗುವುದಿಲ್ಲ, ಇದೇನು ಮಂದಿ, ಅತ್ತವಳಿಗೆ ನೀರು ಕೊಟ್ಟು ಮುಂದಿನ ನುಡಿ ಹೇಳವಾ ಅನ್ನುತ್ತಾರೆ. ರಾಮಲಿಂಗ ಏಳುತ್ತಾನೆ, ಎದ್ದ ನೋಡು, ಅವ್ವನ ಕಡೆ ತಿರುಗಿ, ಶಿವಬಸಮ್ಮಕ್ಕಾರ, ಹ್ವಾದ ವಾರ ಅರ್ಧಕ್ಕ ನಿಲ್ಸಿದ್ರಿ, ಇವತ್ತ ಹೆಸರ ಹೇಳಬೇಕ್ರಿ. ಹೆಸರು, ಹೆಸರು, ಎಲ್ಲರೂ ಕೇಳುತ್ತಾರೆ, ಉಮಾ ಬೇವಿನ ಬೊಡ್ಡೆಗೆ ಒತ್ತಿಕೊಳ್ಳುತ್ತಾಳೆ, ಹೇಳಬೇಡವ್ವ, ಅಪ್ಪನ ಮಾನ ಕಳೆಯಬೇಡ, ಅವ್ವ ನಿಂತಿದ್ದಾಳೆ, ಹೊಳಿ ತುಂಬಿ ಬಂದೈತಿ ದಂಡಿ ಕಾಣವಲ್ದು, ಕೈ ಎತ್ತಿದ್ದಾಳೆ, ಅದೇ ಕೈ, ಗಾಳಿಯಲ್ಲಿ — ಗುರಪ್ಪ. ಗುರಪ್ಪ ಬರೋತನಕ ಹಂಚಿನ ರೊಟ್ಟಿ ಬೇಯವಲ್ದು. ಅಪ್ಪನ ಹೆಸರು. ಕೂಟ ವಾಹ್ ಅನ್ನುತ್ತದೆ, ಇನ್ನೊಮ್ಮೆ ಅನ್ರಿ ಅಕ್ಕಾರ, ಅವ್ವ ಇನ್ನೊಮ್ಮೆ ಅನ್ನುತ್ತಾಳೆ, ಗುರಪ್ಪ, ಹೊಸ ಮದುವಣಗಿತ್ತಿಯಂತೆ ನಾಚಿ, ಅಳುವುದಿಲ್ಲ, ಊಟ ಬಿಡುವವಳ ಮುಖವೇ ಅಲ್ಲ ಅದು, ಕೇಳುವವರಿದ್ದರೆ ಹೇಳುತ್ತಿದ್ದಳು, ಇಲ್ಲಿ ಕೇಳಿದರು, ಹೇಳಿದಳು, ಮನೆಯಲ್ಲಿ — ಮನೆಯಲ್ಲಿ ನುಂಗುತ್ತಿದ್ದದ್ದು ಯಾರಿಗೆ ಹೆದರಿ, ಮಷಿನಿನ ಸದ್ದು ನಿಂತದ್ದು ಅವ್ವನಿಗೂ ಕೇಳುತ್ತಿತ್ತಲ್ಲವೇ, ಮಗಳು ಕಿವಿಗೊಟ್ಟಾಳೆಂದು, ಸಾಕ್ ಬಿಡವ್ವ ಅಂದಾಳೆಂದು, ಅಲ್ಲಿ, ತನ್ನದೇ ಒಲೆಯ ಮುಂದೆ, ಅಂಗೈಗೆ ಹಿಟ್ಟು ಮೆತ್ತಿಕೊಂಡು, ಗಾಳಿಯಲ್ಲೇ ತಡೆದು ನಿಂತ ಕೈ, ಅವ್ವನ ಕೈ, ನಿಂತ ಕೈ —