ಆ ಮನೆಯ ಸೊಸೆ

"ಅಮ್ಮಾ, ಇದ್ರಗೆ ನಮ್ ತ್ರಾಸಿ ಸುದ್ದಿ ಇತ್ತ್ ಕಾಣ್," ಎಂದಳು ನಿಶ್ಮಿತಾ, ಅಡುಗೆಮನೆಯ ಹೊಸ್ತಿಲ ಬಳಿ ಕಾಲು ಚಾಚಿ ಕೂತು.

ಗಿರಿಜಾ ಬಂಗುಡೆ ಮೀನು ಕೊಯ್ಯುತ್ತಿದ್ದಳು. ಹೈಸ್ಕೂಲಿನ ಲೈಬ್ರರಿಯಿಂದ ತಂದ ಆ ಪುಸ್ತಕವನ್ನು ಮಗಳು ಕೈಯಿಂದ ಕೆಳಗಿಟ್ಟಿರಲಿಲ್ಲ. ವಿಜ್ಞಾನದಲ್ಲಿ ಹೆಸರು ಮಾಡಿದ ಹೆಂಗಸರು ಮಕ್ಕಳಿಗೆಂದೇ ಬರೆದ ತಮ್ಮದೇ ಕಥೆಗಳು. ರಾಕೆಟ್ಟಿನವರದ್ದು, ಭತ್ತದ ತಳಿಯವರದ್ದು, ಔಷಧದವರದ್ದು ಮುಗಿದು ಈಗ ಕಡಲಾಮೆಯ ಸರದಿ ಬಂದಿತ್ತು.

"ಓದ್ ಕಾಂಬ."

ನಿಶ್ಮಿತಾ ಪಾಠ ಓದುವ ದನಿಯಲ್ಲಿ ಓದಿದಳು. "ಸಂಶೋಧನೆಯ ಮೊದಲ ವರ್ಷ ತ್ರಾಸಿಯ ಒಂದು ಮೀನುಗಾರರ ಮನೆಯಲ್ಲಿ ಉಳಿದಿದ್ದೆ. ಆ ಮನೆಯ ಸೊಸೆ ದಿನಾ ನಸುಕಿನಲ್ಲಿ ನನ್ನ ಜೊತೆ ನಡೆಯುತ್ತಿದ್ದಳು. ಆಮೆ ಮೊಟ್ಟೆಯಿಟ್ಟು ಹೋದ ಮೊದಲ ಜಾಡು ಕಂಡದ್ದು ಅವಳಿಗೆ."

ಮೀನಿನ ಕಿವಿರಿನೊಳಗೆ ಹೋದ ಬೆರಳು ಅಲ್ಲೇ ನಿಂತಿತು.

"ಬರ್ದದ್ ಯಾರ್?"

"ಡಾಕ್ಟರ್ ಸ್ನೇಹಲತಾ. ಗೋವಾದಗ್ ಇಪ್ಪುದಂಬ್ರ್. ಆ ಸೊಸೆ ಯಾರಮ್ಮ, ನಿಂಗ್ ಗೊತ್ತಿತ್ತಾ?"

"ನಾನೇ," ಎಂದಳು ಗಿರಿಜಾ.

ಮಗಳು ಪುಸ್ತಕ ಮಡಚಿ ಅಮ್ಮನನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೀನು ತೊಳೆಯುವ ಈ ಅಮ್ಮನ ಬಗ್ಗೆ ಅಚ್ಚಾದ ಪುಸ್ತಕದಲ್ಲಿ ಮೂರು ಸಾಲು ಇರಬಹುದೆಂದು ಅವಳು ಎಣಿಸಿರಲಿಲ್ಲ.

ನಿಶ್ಮಿತಾ ಆಗ ಹೊಟ್ಟೆಯಲ್ಲಿದ್ದಳು. ಬ್ರಹ್ಮಾವರದ ಕಡೆಯ ಹುಡುಗಿ ಸ್ನೇಹಲತಾ ಆ ಚಳಿಗಾಲ ಅವರ ಜಗಲಿಯ ಕೋಣೆಯಲ್ಲಿದ್ದಳು. ಮರು ವರ್ಷ ಕೆಲಸ ಕಾರವಾರದವರೆಗೂ ಹಬ್ಬುವುದಿತ್ತು. "ನೀವೂ ಬನ್ನಿ ಗಿರಿಜಕ್ಕ, ಸಹಾಯಕಿ ಅಂದೇಳಿ ನಿಮ್ಮ್ ಹೆಸ್ರೇ ಕೊಡ್ತೆ," ಎಂದು ಕೇಳಿದ್ದಳು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದಳು ಗಿರಿಜಾ. ಅಷ್ಟರಲ್ಲಿ ಅತ್ತೆಗೆ ಲಕ್ವ ಹೊಡೆದು ಒಂದು ಬದಿ ಬಿದ್ದುಹೋಯಿತು. ಗಂಡ ಕುಷ್ಟ, ಮೀನಿನ ಬೋಟಿನವ, ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹೆಂಡತಿಯ ಹೊಟ್ಟೆಯನ್ನೊಮ್ಮೆ ನೋಡಿ ಬೋಟಿಗೆ ಹೋದ. ಸ್ನೇಹಲತಾಳ ಫೋನನ್ನು ಗಿರಿಜಾ ಎತ್ತಲಿಲ್ಲ. ಎತ್ತಿದರೆ ಅತ್ತುಬಿಡುತ್ತೇನೆಂಬ ಹೆದರಿಕೆ.

ಅತ್ತೆ ತೀರಿಕೊಂಡು ವರ್ಷಗಳಾದವು. ಈಗಲೂ ಚಳಿ ಬಿದ್ದ ಕೂಡಲೇ ಗಿರಿಜಾಳಿಗೆ ನಸುಕಿಗೆ ಮೊದಲೇ ಎಚ್ಚರವಾಗುತ್ತದೆ. ಜಗಲಿಯಲ್ಲಿ ಕೂತು ಕಡಲಿನ ಸದ್ದು ಕೇಳುತ್ತಾಳೆ. ದಂಡೆಗೆ ಇಳಿದು ಹೋಗಲು ನೂರು ಹೆಜ್ಜೆಯೂ ಇಲ್ಲ. ಆದರೆ ಆ ಹೊತ್ತಿನಲ್ಲಿ ಒಬ್ಬಳೇ ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಹೇಳುವುದಕ್ಕೆ ಅವಳಲ್ಲಿ ಕಾರಣವಿಲ್ಲ.

"ಶನಿವಾರ ಅವ್ರ್ ಕುಂದಾಪ್ರಕ್ ಬತ್ರಂಬ್ರ್, ಪುಸ್ತಕದ ಬಗ್ಗೆ ಮಾತಾಡುಕೆ," ಎಂದಳು ನಿಶ್ಮಿತಾ. "ಹೋಪನಾ?"

ಕುಂದಾಪುರದ ಸಭಾಭವನದ ತುಂಬ ಯೂನಿಫಾರ್ಮಿನ ಮಕ್ಕಳು. ವೇದಿಕೆಯ ಮೇಲಿದ್ದ ಹೆಂಗಸಿನ ಕೂದಲು ಅರ್ಧ ಬಿಳಿಯಾಗಿತ್ತು, ಕನ್ನಡಕ ಬಂದಿತ್ತು. ಮಾತಿನ ನಡುವೆ ಎರಡು ಕೈಯನ್ನೂ ಗಾಳಿಯಲ್ಲಿ ಆಡಿಸುವ ಚಾಳಿ ಮಾತ್ರ ಹಾಗೇ ಇತ್ತು. ಕಡಲಲ್ಲೇ ಬದುಕುವ ಆಮೆ ಮೊಟ್ಟೆಯಿಡಲು ಮಾತ್ರ ದಂಡೆಗೆ ಬರುವುದನ್ನು ಅವಳು ಹೇಳುವಾಗ ಮಕ್ಕಳು ಉಸಿರು ಬಿಡದೆ ಕೇಳಿದರು. ಹಿಂದಿನ ಸಾಲಿನಲ್ಲಿ ಗಿರಿಜಾ ಮಗಳ ಪಕ್ಕ ಕೂತಿದ್ದಳು. ಮಗಳಿಗೆ ಮುಂದೆ ಓದುವ ದಾರಿ ಕೇಳಬೇಕು, ಅಷ್ಟೇ, ಎಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

ಸಭೆ ಮುಗಿದ ಮೇಲೆ ಹತ್ತಿರ ಹೋದಾಗ 'ಮೇಡಂ' ಅನ್ನಬೇಕೋ 'ಸ್ನೇಹ' ಅನ್ನಬೇಕೋ ತಿಳಿಯದೆ ಮಗಳನ್ನು ಮುಂದೆ ಮಾಡಿದಳು.

"ಗಿರಿಜಕ್ಕ?" ಸ್ನೇಹಲತಾ ಸಹಿ ಹಾಕುತ್ತಿದ್ದ ಪೆನ್ನು ಕೆಳಗಿಟ್ಟಳು. "ನೀವ್ ಫೋನ್ ಎತ್ತಲೇ ಇಲ್ಲೆ."

"ಅತ್ತೆಗೆ ಹುಷಾರಿರ್ಲಿಲ್ಲೆ. ಇವ್ಳ್ ಹೊಟ್ಟೆಯಗಿದ್ಲ್."

"ಪುಸ್ತಕದಗ್ ಹೆಸ್ರ್ ಬರೂಕೆ ನಿಮ್ಮನ್ ಕೇಳ್ಕಿತ್ತ್. ಹಳೆ ನಂಬರ್ ತಾಗ್ಲಿಲ್ಲೆ. ಅದ್ಕೇ ಸೊಸೆ ಅಂದೇಳಿ ಬರ್ದೆ."

ಸ್ನೇಹಲತಾ ಕನ್ನಡಕ ತೆಗೆದು ಒರೆಸುತ್ತ, ಈ ಸಲ ಬೈಂದೂರಿನವರೆಗೆ ಆಮೆಯ ಜಾಡಿಗಾಗಿ ದಂಡೆ ನೋಡುವವರು ಬೇಕಾಗಿದ್ದಾರೆ ಎಂದಳು. ತ್ರಾಸಿಯ ಭಾಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. "ನೀವ್ ನಡೀತ್ರಿಯಾ?"

"ಮನಿಯಗ್ ಕೇಂಡ್—" ಎಂದು ಶುರು ಮಾಡಿದ ಗಿರಿಜಾ ನಿಲ್ಲಿಸಿದಳು. ನಿಶ್ಮಿತಾ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

"ಬತ್ತೆ," ಎಂದಳು.

ಬೋಟಿನಿಂದ ಬಂದ ಕುಷ್ಟ ಸುದ್ದಿ ಕೇಳಿ ಬಹಳ ಹೊತ್ತು ಕಾಲು ತೊಳೆದ. "ಬೆಳಿಗ್ಗಿನ ಚಾ?"

"ಫ್ಲಾಸ್ಕಿನಗಿಟ್ ಹೋತೆ."

ಅವನು ಬೈರಾಸಿನಿಂದ ಮುಖ ಒರೆಸಿಕೊಂಡ. "ನಾಯಿ ಇತ್ತ್ ಅಲ್ಲಿ. ಒಂದ್ ಕೋಲ್ ಹಿಡ್ಕೋ."

ಮೊದಲ ವಾರ ಏನೂ ಸಿಗಲಿಲ್ಲ. ಏಡಿಯ ಗೀಚು, ನಾಯಿಯ ಹೆಜ್ಜೆ, ಅಲೆ ತಂದು ಬಿಟ್ಟ ಬಲೆಯ ಚೂರು. ಸ್ನೇಹಲತಾಳ ಜೊತೆ ಆ ವರ್ಷ ನೋಡಿದ ಮರಳು ಎಷ್ಟೋ ಕಡೆ ಕೊಚ್ಚಿಹೋಗಿ ತಡೆಗೋಡೆಯ ಕಲ್ಲು ಬಂದಿತ್ತು. ಆಮೆ ಈಗ ಬರುವುದೇ ಇಲ್ಲವೇನೋ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಆದರೂ ಕಣ್ಣು ಅಲೆ ಮುಟ್ಟಿದ ಗೆರೆಯಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ, ತಾನಾಗಿಯೇ ಓಡುತ್ತಿತ್ತು.

ಒಂದು ಬೆಳಿಗ್ಗೆ ಹೆದ್ದಾರಿ ದಂಡೆಗೆ ತಾಗುವಲ್ಲಿ ನಡೆಯುತ್ತಿದ್ದಾಗ ಮೊದಲ ಬಸ್ಸು ನಿಧಾನವಾಯಿತು. ಮುಂಜಾವಿನಲ್ಲಿ ಒಬ್ಬಳೇ ಹೆಂಗಸು. ಬಸ್ಸಿಗೇ ಬಂದದ್ದೆಂದು ಕಂಡಕ್ಟರ್ ಬಾಗಿಲಿಂದ ಬಗ್ಗಿದ.

"ಹ್ವಾಯ್ ಅಕ್ಕಾ, ಕುಂದಾಪ್ರಕ್ಕಾ?"

ಗಿರಿಜಾ ತಲೆ ಎತ್ತದೆ, ಮರಳಿನ ಮೇಲಿಂದ ಕಣ್ಣು ಕೀಳದೆ, ಹೋಗು ಎಂದು ಕೈಯಾಡಿಸಿದಳು. ಬಸ್ಸು ಹೊರಟಿತು. ಅವಳು ಜಾಡು ಹುಡುಕುತ್ತ ದಂಡೆಗುಂಟ ಮರವಂತೆಯ ಕಡೆಗೆ ನಡೆದಳು.