ತಮ್ಮನ ಕುರ್ಚಿ

ಇಸ್ತ್ರಿ ಅಂಗಡಿಯ ಅಕ್ಕ ಆ ಮರದ ಕುರ್ಚಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಯುದ್ಧಕ್ಕೆ ಹೊರಟ ದಿನ ತಮ್ಮ ಅದರ ಮೇಲೆ ಕೂತು ಬೂಟಿನ ಲೇಸು ಕಟ್ಟಿಕೊಂಡಿದ್ದ. ಯುದ್ಧ ಮುಗಿಯಿತು. ಅವನೂ ಬರಲಿಲ್ಲ, ಹೆಣವೂ ಬರಲಿಲ್ಲ. ಕಾಣೆಯಾಗಿದ್ದಾನೆ ಎಂದರು, ಅಷ್ಟೇ. ಆಮೇಲೆ ಕಟ್ಟಿಕೊಂಡ ಗಂಡನನ್ನೂ ಅಕ್ಕ ಅದರ ಮೇಲೆ ಕೂರಿಸಿಲ್ಲ. ಆ ಪುಣ್ಯಾತ್ಮ ನೆಲದ ಮೇಲೆಯೇ ಕೂತು ಉಣ್ಣುತ್ತಾನೆ.

ವರ್ಷಕ್ಕೊಮ್ಮೆ, ಕಾಣೆಯಾದ ಸೈನಿಕರ ನೆನಪಿನ ಸಭೆಗೆ ಮಾತ್ರ ಅದನ್ನು ತಾನೇ ಹೊತ್ತು ತಂದು ವೇದಿಕೆಯ ನಡುವೆ ಇಡುತ್ತಿದ್ದಳು. ಬಾರದವರೆಲ್ಲರ ಹೆಸರಿನಲ್ಲಿ ಅದು ಖಾಲಿ ಇರಬೇಕು.

ಈ ಸಲ ಸಭೆ ಅರ್ಧವಾದ ಮೇಲೆ ಅಧ್ಯಕ್ಷನ ಭಾವಮೈದ ಬಂದ, ಕಂಟ್ರಾಕ್ಟರು. ವೇದಿಕೆಯಲ್ಲಿ ಜಾಗವಿಲ್ಲ. ಕೆಳಗೆ ಕೂತರೆ ಮಾನ ಹೋಗುತ್ತದಲ್ಲ! ಅಧ್ಯಕ್ಷ ತಮ್ಮನ ಕುರ್ಚಿಯನ್ನೇ ತೋರಿಸಿದ. ಆಸಾಮಿ ಧೊಪ್ಪನೆ ಕೂತ.

ಅಕ್ಕನ ಮೈ ಉರಿದುಹೋಯಿತು. ವೇದಿಕೆಯ ಪಕ್ಕಕ್ಕೆ ಹೋಗಿ, "ಅಧ್ಯಕ್ಷರೇ, ಅವರನ್ನ ಎಬ್ಬಿಸಿ" ಎಂದಳು.

"ಸ್ವಲ್ಪ ತಡ್ಕೊಳಮ್ಮ. ಹೇಗಿದ್ರೂ ಖಾಲಿನೇ ಇತ್ತಲ್ಲ."

"ಖಾಲಿ ಇರ್ಲಿ ಅಂತಾನೇ ಕಣ್ರೀ ತಂದಿದ್ದು!"

"ದೊಡ್ಡವರ ಮುಂದೆ ರಂಪ ಮಾಡ್ಬೇಡ, ಹೋಗು."

ಅಷ್ಟರಲ್ಲಿ ನಿರೂಪಕ ಗಂಟಲು ಗದ್ಗದ ಮಾಡಿಕೊಂಡು, ಪ್ರತಿವರ್ಷದ ಮಾತನ್ನೇ ಓದಿದ: "ಈ ಖಾಲಿ ಕುರ್ಚಿಯನ್ನೊಮ್ಮೆ ನೋಡಿ..."

ಎಲ್ಲರೂ ನೋಡಿದರು. ಕಂಟ್ರಾಕ್ಟರು ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. ತನಗೇ ಮರ್ಯಾದೆಯೆಂದುಕೊಂಡು ಕಡ್ಡಿ ಸಮೇತ ಕೈಮುಗಿದ. ಮೌನಕ್ಕೆಂದು ಎಲ್ಲರೂ ಎದ್ದು, ತಲೆ ತಗ್ಗಿಸಿ, ಕಣ್ಣು ಮುಚ್ಚಿದರು. ಥೂ, ಇವರ ಭಕ್ತಿಗಿಷ್ಟು!

ಕಂಟ್ರಾಕ್ಟರೂ ಎದ್ದಿದ್ದ. ಅಕ್ಕ ಚಪ್ಪಲಿ ಬಿಟ್ಟು ಮೇಲೆ ಹತ್ತಿದಳು, ಕುರ್ಚಿಯನ್ನು ಸೊಂಟಕ್ಕೇರಿಸಿಕೊಂಡು ಇಳಿದಳು. ಬಾಗಿಲು ದಾಟುವಾಗ ಮೌನ ಮುಗಿಯಿತು. ಹಿಂದೆ ಯಾರೋ ದಡಾರನೆ ಬಿದ್ದ ಸದ್ದು, "ಅಯ್ಯೋ ಭಾವಾ!" ಎಂಬ ಕೂಗು. ಅವಳಿಗೆ ನಗುವೂ ಬರಲಿಲ್ಲ. ಸೊಂಟಕ್ಕೆ ತಾಗುತ್ತಿದ್ದ ಹಲಗೆ ಬೆಚ್ಚಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಬೆಚ್ಚಗಾದದ್ದು, ಅದೂ ಎಂಥವನ ಮೈಯಿಂದ!

"ಯಾಕೇ, ಇಷ್ಟು ಬೇಗ ಬಂದ್ಬಿಟ್ಟೆ?" ಗಂಡ ಕೇಳಿದ.

"ಬಿಸಿನೀರು ಕೊಡಿ, ಸೋಪು ಕೊಡಿ. ಇನ್ನು ಇದು ಈ ಹೊಸಿಲು ದಾಟಲ್ಲ."

ಅವಳು ಹಲಗೆ ಉಜ್ಜತೊಡಗಿದಳು. ಅವನು ನೆಲದ ಮೇಲೆ ಕೂತು, ಕುರ್ಚಿಯ ಕಾಲುಗಳನ್ನು ಒಂದೊಂದಾಗಿ ಒರೆಸಿದ.